ಸಣ್ಣ ಪಿನ್ನು, ದೊಡ್ಡ ಕೆಲಸ



ಮೂಗುಬೊಟ್ಟು ನಮಗೆಲ್ಲ ಗೊತ್ತು. ಅದರ ಹಿಂದೆ ಒಂದು ಚಿಕ್ಕ ತಿರುಪು ಇರುತ್ತೆ. ಹೊಳೆಯುವುದು ಮುಂದಿನ ಹರಳು. ಅದನ್ನು ಹಿಡಿದಿಡುವುದು ಹಿಂದಿನ ತಿರುಪು. ತಿರುಪು ಸಡಿಲವಾಗಿ ಬಿದ್ದರೆ ಹರಳೂ ಹೋಯಿತು, ಚಿನ್ನವೂ ಹೋಯಿತು.

ಕೈಗಡಿಯಾರಕ್ಕೂ ಇಂಥದ್ದೇ ಒಂದು ಸಣ್ಣ ಸಾಮಾನು ಇದೆ. ಅದು ವಾಚನ್ನೂ ಬೆಲ್ಟನ್ನೂ ಸೇರಿಸಿ ಹಿಡಿದಿರುತ್ತೆ. ಅದರ ಹೆಸರು ಸ್ಪ್ರಿಂಗ್ ಬಾರ್. ಅಂಗಡಿಗೆ ಹೋಗಿ ‘ಬೆಲ್ಟ್ ಪಿನ್ನು’ ಅಂದರೂ ಸಾಕು, ಕೊಡ್ತಾರೆ. ನಾವೂ ಇಲ್ಲಿ ಪಿನ್ನು ಅಂತಲೇ ಕರೆಯೋಣ.

ಈ ಪಿನ್ನು ಹೇಗೆ ಕೆಲಸ ಮಾಡುತ್ತೆ? ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು? ಎಷ್ಟು ಖರ್ಚು ಮಾಡಬೇಕು? ಬನ್ನಿ, ತಿಳಿದುಕೊಳ್ಳೋಣ.

ವಾಚು ಯಾಕೆ ಬೇಕು?

‘ಈಗ ಎಲ್ಲರ ಹತ್ತಿರವೂ ಮೊಬೈಲ್ ಇದೆ. ವಾಚು ಯಾಕೆ?’ ಅಂತ ಕೆಲವರು ಕೇಳ್ತಾರೆ.

ನಮ್ಮ ಚಂದಾಪುರದ ಸುತ್ತ ನೋಡಿ. ಒಂದು ಕಡೆ ಬೊಮ್ಮಸಂದ್ರದ ಕಾರ್ಖಾನೆಗಳು. ಮುಂದೆ ಎಲೆಕ್ಟ್ರಾನಿಕ್ ಸಿಟಿ. ಇನ್ನೊಂದು ಕಡೆ ಅತ್ತಿಬೆಲೆ. ಬೆಳಗಾದರೆ ಸಾಕು, ಸಾವಿರಾರು ಹೆಂಗಸರು ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಡ್ತಾರೆ. ಕೆಲವು ಕಾರ್ಖಾನೆಗಳಲ್ಲಿ ಕೆಲಸದ ಜಾಗಕ್ಕೆ ಮೊಬೈಲ್ ಒಯ್ಯಲು ಬಿಡುವುದಿಲ್ಲ. ಆಗ ಕೈಯಲ್ಲಿರುವ ವಾಚೇ ನಮ್ಮ ಗಡಿಯಾರ.

ಪಾಳಿ ಎಷ್ಟು ಗಂಟೆಗೆ ಶುರುವಾಯಿತು? ಎಷ್ಟು ಗಂಟೆಗೆ ಮುಗಿಯಿತು? ಓಟಿ ಎಷ್ಟು ಹೊತ್ತು ಮಾಡಿದೆವು? ಇದು ನಮ್ಮ ದುಡಿಮೆಯ ಲೆಕ್ಕ. ಬೇರೆಯವರು ಹೇಳಿದ ಹೊತ್ತನ್ನು ನಂಬುವುದು ಬೇರೆ. ನಮ್ಮ ಕಣ್ಣಲ್ಲೇ ನೋಡಿ ಚೀಟಿಯಲ್ಲಿ ಬರೆದಿಡುವುದು ಬೇರೆ. ಅಕ್ಷರ ಕಲಿತವರಿಗೆ ವಾಚೂ ಒಂದು ಪುಸ್ತಕ ಇದ್ದ ಹಾಗೆ.

ಕೆಲವರಿಗೆ ವಾಚು ಅಂದರೆ ನೆನಪು. ಅಪ್ಪ ಕಟ್ಟಿದ್ದ ವಾಚು, ತವರಿನಲ್ಲಿ ಕೊಟ್ಟ ವಾಚು, ಮೊದಲ ಸಂಬಳದಲ್ಲಿ ಕೊಂಡ ವಾಚು. ಅಂಥದ್ದು ಕಳೆದುಹೋದರೆ ದುಡ್ಡು ಕೊಟ್ಟರೂ ಬರುವುದಿಲ್ಲ.

ವಾಚು ಕಳೆಯುವುದು ಯಾವಾಗ? ಕಳ್ಳರು ಕದ್ದಾಗ ಮಾತ್ರ ಅಲ್ಲ. ಬಸ್ಸಿನ ಕಂಬಿ ಹಿಡಿದಾಗ, ಬಾವಿಯಲ್ಲಿ ನೀರು ಸೇದುವಾಗ, ಮಗು ಕೈ ಹಿಡಿದು ಜಗ್ಗಿದಾಗ ಪಿನ್ನು ಕಳಚಿಕೊಳ್ಳುತ್ತೆ. ವಾಚು ಬಿದ್ದದ್ದು ಗೊತ್ತೇ ಆಗುವುದಿಲ್ಲ.

ಪಿನ್ನು ಎಲ್ಲಿರುತ್ತೆ? ಹೇಗಿರುತ್ತೆ?

ನಿಮ್ಮ ಕೈಯಲ್ಲಿ ವಾಚಿದ್ದರೆ ಬಿಚ್ಚಿ ನೋಡಿ. ವಾಚಿನ ಮೇಲುಗಡೆ ಎರಡು, ಕೆಳಗಡೆ ಎರಡು ಕೊಂಬಿನ ಹಾಗೆ ಚಾಚಿಕೊಂಡಿರುತ್ತೆ. ಇವನ್ನು ವಾಚಿನ ಕಿವಿ ಅಂತ ಕರೆಯೋಣ. ಪ್ರತಿ ಕಿವಿಯ ಒಳಮೈಯಲ್ಲಿ ಒಂದು ಸಣ್ಣ ತೂತು ಇರುತ್ತೆ. ಎರಡು ಕಿವಿಗಳ ನಡುವೆ ಪಿನ್ನು ಕೂತಿರುತ್ತೆ. ಬೆಲ್ಟಿನ ತುದಿಯಲ್ಲಿರುವ ತೂತಿನೊಳಗೆ ಈ ಪಿನ್ನು ತೂರಿರುತ್ತೆ.

ಹೀಗೆ ಮೇಲೆ ಒಂದು ಪಿನ್ನು, ಕೆಳಗೆ ಒಂದು ಪಿನ್ನು. ಚರ್ಮದ ಬೆಲ್ಟಾದರೆ ಬಕ್ಕಲ್ ಹತ್ತಿರ ಇನ್ನೊಂದು. ಒಟ್ಟು ಮೂರು.

ಪಿನ್ನು ನೋಡಲು ಗಟ್ಟಿ ಕಡ್ಡಿಯ ಹಾಗೆ ಕಾಣುತ್ತೆ. ಆದರೆ ಅದು ಗಟ್ಟಿ ಕಡ್ಡಿಯಲ್ಲ, ಟೊಳ್ಳು ಕೊಳವೆ. ಒಳಗೆ ಕೂದಲಿನಷ್ಟು ತೆಳು ತಂತಿಯ ಸ್ಪ್ರಿಂಗು ಇರುತ್ತೆ. ಎರಡು ಕಡೆಯೂ ಸಣ್ಣ ಮೊನೆ ಇರುತ್ತೆ. ಮೊನೆಯನ್ನು ಒತ್ತಿದರೆ ಒಳಗೆ ಹೋಗುತ್ತೆ. ಬಿಟ್ಟರೆ ಹೊರಗೆ ಬರುತ್ತೆ. ‘ಟಿಕ್’ ಅಂತ ಒತ್ತುವ ಪೆನ್ನಿನೊಳಗೂ ಸ್ಪ್ರಿಂಗು ಇದೆಯಲ್ಲ, ಹಾಗೆಯೇ ಇದು.

ಪಿನ್ನು ಹಾಕುವಾಗ ಮೊನೆಯನ್ನು ಒಳಗೆ ಒತ್ತಿ, ಕಿವಿಗಳ ನಡುವೆ ಇಡ್ತಾರೆ. ಕೈ ಬಿಟ್ಟಾಗ ಸ್ಪ್ರಿಂಗು ಮೊನೆಯನ್ನು ಹೊರಗೆ ತಳ್ಳುತ್ತೆ. ಮೊನೆ ಕಿವಿಯ ತೂತಿನೊಳಗೆ ಕೂರುತ್ತೆ. ಬಾಗಿಲಿನ ಚಿಲಕ ತೂತಿಗೆ ಬಿದ್ದ ಹಾಗೆ. ಅಂಟು ಇಲ್ಲ, ಬೆಸುಗೆ ಇಲ್ಲ. ತೂತಿನೊಳಗೆ ಕೂತ ಸುಮಾರು ಒಂದು ಮಿಲಿಮೀಟರ್ ಮೊನೆಯೇ ಇಡೀ ವಾಚನ್ನು ಹಿಡಿದಿರುತ್ತೆ.

ಹಿಂದೆ ಹೇಗಿತ್ತು?

ಇನ್ನೊಂದು ಸಂಗತಿ ಕೇಳಿ. ನೂರು, ನೂರಿಪ್ಪತ್ತು ವರ್ಷದ ಹಿಂದೆ ಯುರೋಪಿನಲ್ಲಿ ಗಂಡಸರು ವಾಚನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೈಗೆ ಕಟ್ಟುವ ವಾಚು ಹೆಂಗಸರ ಒಡವೆ ಅಂತ ಅವರ ಲೆಕ್ಕ.

1914ರಿಂದ 1918ರವರೆಗೆ ಮೊದಲನೇ ಮಹಾಯುದ್ಧ ನಡೆಯಿತು. ಯುದ್ಧಭೂಮಿಯಲ್ಲಿ ಜೇಬಿಗೆ ಕೈ ಹಾಕಿ ವಾಚು ತೆಗೆಯಲು ಪುರುಸೊತ್ತು ಎಲ್ಲಿ? ಸೈನಿಕರೂ ಕೈಗೆ ವಾಚು ಕಟ್ಟಿಕೊಂಡರು. ಆ ವಾಚುಗಳಲ್ಲಿ ಬೆಲ್ಟು ಹಾಕಲು ಬಾಗಿಸಿದ ತಂತಿಯನ್ನು ವಾಚಿಗೇ ಬೆಸೆದಿರುತ್ತಿದ್ದರು. ಬೆಲ್ಟು ಬದಲಾಯಿಸುವುದು ಕಷ್ಟವಾಗಿತ್ತು. ಮುಂದೆ ಸ್ಪ್ರಿಂಗು ಇರುವ ಪಿನ್ನು ಬಳಕೆಗೆ ಬಂತು. ಬೆಲ್ಟು ಹರಿದರೆ ಹೊಸದು ಹಾಕಲು ಎರಡು ನಿಮಿಷ ಸಾಕಾಯಿತು.

ಸುಲಭವಾಗಿ ಹಾಕಬಹುದು, ಸುಲಭವಾಗಿ ತೆಗೆಯಬಹುದು. ಇದು ಪಿನ್ನಿನ ಗುಣ. ಪಿನ್ನು ಕೆಟ್ಟಾಗ ಅದೇ ಗುಣ ದೋಷವಾಗುತ್ತೆ. ತೆಗೆಯದೇ ಇದ್ದರೂ ತಾನಾಗಿ ಕಳಚಿಕೊಳ್ಳುತ್ತೆ.

ನಮ್ಮ ಸೀಮೆಯ ವಾಚುಗಳು

ವಾಚಿಗೂ ನಮ್ಮ ಸೀಮೆಗೂ ಹಳೆಯ ನಂಟು. ಎಚ್.ಎಂ.ಟಿ. ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವು ಪಡೆದು ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿತು. ‘ಜನತಾ’ ಅನ್ನುವ ಎಚ್.ಎಂ.ಟಿ. ವಾಚು ಮನೆಮಾತಾಗಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆದರೂ ಎಷ್ಟೋ ಮನೆಗಳಲ್ಲಿ ಹಳೆಯ ಎಚ್.ಎಂ.ಟಿ. ವಾಚು ಕೀಲಿ ಕೊಟ್ಟರೆ ಇವತ್ತಿಗೂ ಓಡುತ್ತೆ.

ಚಂದಾಪುರದಿಂದ ಹೊಸೂರು ರಸ್ತೆ ಹಿಡಿದು ಹೊರಟರೆ ಅತ್ತಿಬೆಲೆ ಸಿಗುತ್ತೆ. ಅದನ್ನು ದಾಟಿದರೆ ತಮಿಳುನಾಡಿನ ಹೊಸೂರು. ಅಲ್ಲಿ ಟೈಟಾನ್ ವಾಚಿನ ಕಾರ್ಖಾನೆ ಇದೆ. ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ನಿಗಮ ಸೇರಿ 1984ರಲ್ಲಿ ಟೈಟಾನ್ ಕಂಪನಿ ಕಟ್ಟಿದವು.

ಇಲ್ಲಿ ಹೆಂಗಸರ ಕಥೆಯೂ ಒಂದಿದೆ. 1990ರ ದಶಕದಲ್ಲಿ ಮೈರಾಡ ಸಂಸ್ಥೆ ಹೊಸೂರಿನ ಸುತ್ತಲ ಹಳ್ಳಿಗಳ ಸ್ವಸಹಾಯ ಸಂಘದ ಹೆಂಗಸರಿಗೆ ಬೆಂಬಲ ಕೊಟ್ಟಿತು. ಆ ಹೆಂಗಸರು ಸೇರಿ ‘ಮೆಡೊ’ ಅನ್ನುವ ತಮ್ಮದೇ ಕಂಪನಿ ಮಾಡಿಕೊಂಡರು. ಟೈಟಾನ್ ವಾಚಿನ ಲೋಹದ ಚೈನು ಜೋಡಿಸುವ ಕೆಲಸ ಹಿಡಿದರು. ಚೈನು ಅಂದರೆ ಸಣ್ಣ ಸಣ್ಣ ತುಂಡುಗಳು. ಅವನ್ನು ಒಂದೊಂದಾಗಿ ಪಿನ್ನು ಹಾಕಿ ಸೇರಿಸಬೇಕು. ಹೊಲದಲ್ಲಿ ಕಳೆ ಕಿತ್ತ ಕೈಗಳೇ ಈ ನಾಜೂಕಿನ ಕೆಲಸವನ್ನೂ ಕಲಿತವು. ಅಂಗಡಿಯ ಗಾಜಿನ ಹಿಂದೆ ಹೊಳೆಯುವ ವಾಚನ್ನು ನೋಡಿ ‘ಇದೆಲ್ಲ ನಮಗೆ ತಿಳಿಯೋದಿಲ್ಲ’ ಅಂತ ಹಿಂದೆ ಸರಿಯಬೇಕಾಗಿಲ್ಲ. ಅದರ ಚೈನು ಜೋಡಿಸಿದವರು ನಮ್ಮಂಥ ಹೆಂಗಸರೇ ಇರಬಹುದು.

ಪಿನ್ನು ಯಾಕೆ ಕೈಕೊಡುತ್ತೆ?

ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣ.

ಒಂದು, ತುಕ್ಕು. ನಮ್ಮ ಬೆವರಿನಲ್ಲಿ ಉಪ್ಪಿದೆ. ಪಾತ್ರೆ ತೊಳೆಯುವ ನೀರು, ಸೋಪಿನ ನೀರು ಕೂಡ ಪಿನ್ನಿನ ಸಂದಿಗೆ ಹೋಗುತ್ತೆ. ಅಗ್ಗದ ಪಿನ್ನಿಗೆ ಮೇಲೆ ಮಾತ್ರ ಹೊಳಪಿನ ಲೇಪ ಇರುತ್ತೆ. ಲೇಪ ಸವೆದ ಮೇಲೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತೆ. ಸ್ಪ್ರಿಂಗು ಸಿಕ್ಕಿಹಾಕಿಕೊಳ್ಳುತ್ತೆ, ಇಲ್ಲವೇ ಮುರಿಯುತ್ತೆ.

ಎರಡು, ಸವೆತ. ದಿನವಿಡೀ ಕೈ ಆಡುತ್ತಲೇ ಇರುತ್ತೆ. ಪಿನ್ನಿನ ಮೊನೆ ತೂತಿನೊಳಗೆ ತಿಕ್ಕುತ್ತಲೇ ಇರುತ್ತೆ. ವರ್ಷಗಳು ಕಳೆದಂತೆ ಮೊನೆ ಸವೆದು ತೆಳ್ಳಗಾಗುತ್ತೆ. ಕೆಲವು ವಾಚುಗಳಲ್ಲಿ ಕಿವಿಯ ತೂತೂ ದೊಡ್ಡದಾಗುತ್ತೆ.

ಮೂರು, ತಪ್ಪು ಅಳತೆ. ಜಾಗಕ್ಕಿಂತ ಚಿಕ್ಕ ಪಿನ್ನು ಹಾಕಿದರೆ ಮೊನೆ ತೂತಿನೊಳಗೆ ಪೂರ್ತಿ ಹೋಗುವುದಿಲ್ಲ. ತುದಿಯಲ್ಲಿ ಮಾತ್ರ ಹಿಡಿದಿರುತ್ತೆ. ಸ್ವಲ್ಪ ಜಗ್ಗಿದರೂ ಕಳಚುತ್ತೆ.

ನಾಲ್ಕು, ಅವಸರ. ಒಂದು ಮೊನೆ ತೂತಿಗೆ ಕೂತು, ಇನ್ನೊಂದು ಕೂರದೆ ಇದ್ದರೂ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತೆ. ಅಂಗಡಿಯಿಂದ ಹೊರಗೆ ಬಂದ ಮೇಲೆ ಬೀಳುತ್ತೆ.

ಒಳ್ಳೆಯ ಪಿನ್ನು ಯಾವುದು?

ಸ್ಟೇನ್‌ಲೆಸ್ ಸ್ಟೀಲಿನ ಪಿನ್ನು ಒಳ್ಳೆಯದು. ನಮ್ಮ ಅಡುಗೆಮನೆಯ ಸ್ಟೀಲ್ ಲೋಟ, ತಟ್ಟೆ ಇದೇ ಜಾತಿಯವು. ಈ ಉಕ್ಕಿಗೆ ಕ್ರೋಮಿಯಂ ಅನ್ನುವ ಲೋಹ ಬೆರೆಸಿರ್ತಾರೆ. ಅದು ಉಕ್ಕಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತೆ. ಗೀರು ಬಿದ್ದರೂ ಗಾಳಿ ತಾಗಿ ಪೊರೆ ಮತ್ತೆ ಕಟ್ಟಿಕೊಳ್ಳುತ್ತೆ. ಹಾಗಾಗಿ ತುಕ್ಕು ಬೇಗ ಹಿಡಿಯುವುದಿಲ್ಲ.

ಸ್ಟೀಲಿನಲ್ಲೂ ಬೇರೆ ಬೇರೆ ದರ್ಜೆ ಇದೆ. ಒಳ್ಳೆಯ ಪಿನ್ನಿನ ಪೊಟ್ಟಣದ ಮೇಲೆ 304 ಅಥವಾ 316 ಅಂತ ಬರೆದಿರಬಹುದು. 316ರಲ್ಲಿ ಮಾಲಿಬ್ಡಿನಂ ಅನ್ನುವ ಇನ್ನೊಂದು ಲೋಹ ಬೆರೆತಿರುತ್ತೆ. ಅದು ಉಪ್ಪು ಬೆವರನ್ನು ಇನ್ನೂ ಚೆನ್ನಾಗಿ ತಡೆಯುತ್ತೆ. ಈ ಅಂಕಿ ಕಂಡರೆ ಓದಿ ನೋಡಿ.

‘ಅಯಸ್ಕಾಂತ ಹಿಡಿದು ನೋಡು, ಅಂಟದೇ ಇದ್ದರೆ ಒಳ್ಳೆಯ ಸ್ಟೀಲು’ ಅಂತ ಕೆಲವರು ಹೇಳ್ತಾರೆ. ಪಿನ್ನಿನ ವಿಷಯದಲ್ಲಿ ಇದನ್ನು ಪೂರ್ತಿ ನಂಬುವ ಹಾಗಿಲ್ಲ. ಒಳ್ಳೆಯ ಸ್ಟೀಲನ್ನೂ ತಂತಿಯಾಗಿ ಎಳೆದು ಸ್ಪ್ರಿಂಗು ಮಾಡಿದಾಗ ಅದು ಅಯಸ್ಕಾಂತಕ್ಕೆ ಸ್ವಲ್ಪ ಅಂಟಬಹುದು.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಪಿನ್ನನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ಮೊನೆಯನ್ನು ಒತ್ತಿ ಬಿಡಿ. ತಕ್ಷಣ ಹೊರಗೆ ಚಿಮ್ಮಿದರೆ ಸ್ಪ್ರಿಂಗು ಚೆನ್ನಾಗಿದೆ. ತಡವರಿಸಿಕೊಂಡು ಬಂದರೆ ಬೇಡ. ಕೊಳವೆಯನ್ನು ನೋಡಿ. ನೇರವಾಗಿರಬೇಕು. ಮೊನೆಗಳು ಒಂದೇ ಸಮ ಇರಬೇಕು. ಸವೆದು ಸೂಜಿಯ ಹಾಗೆ ಆಗಿದ್ದರೆ ಬೇಡ.

ಪಿನ್ನು ಎಷ್ಟು ಭಾರ ತಾಳಬಹುದು? ನೀರಿನ ಆಳಕ್ಕೆ ಇಳಿದು ಕೆಲಸ ಮಾಡುವವರ ವಾಚಿಗೆ ಒಂದು ಅಂತರರಾಷ್ಟ್ರೀಯ ಅಳತೆಗೋಲು ಇದೆ. ಅದರ ಹೆಸರು ಐ.ಎಸ್.ಓ. 6425. ಆ ಪರೀಕ್ಷೆಯಲ್ಲಿ ಬೆಲ್ಟು ಮತ್ತು ಪಿನ್ನನ್ನು 200 ನ್ಯೂಟನ್ ಬಲದಿಂದ ಎಳೀತಾರೆ. ಅಂದರೆ ಸುಮಾರು 20 ಕಿಲೋ ಅಕ್ಕಿಯ ಚೀಲ ನೇತುಹಾಕಿದ ಹಾಗೆ. ಅಷ್ಟಾದರೂ ಕಳಚಬಾರದು. ನಮ್ಮ ದಿನಬಳಕೆಯ ವಾಚಿಗೆ ಅಷ್ಟು ಬೇಡ. ಆದರೆ ಸರಿಯಾಗಿ ಮಾಡಿದ ಪಿನ್ನಿಗೆ ಎಷ್ಟು ಕಸುವಿರುತ್ತೆ ಅನ್ನುವುದು ಇದರಿಂದ ತಿಳಿಯುತ್ತೆ.

ಅಳತೆ ಓದೋಣ

ಮಕ್ಕಳ ಸ್ಕೇಲು ತಗೊಳ್ಳಿ. ಅದರಲ್ಲಿ ದೊಡ್ಡ ಗೆರೆಗಳಿಗೆ 1, 2, 3 ಅಂತ ಬರೆದಿರುತ್ತೆ. ಅವು ಸೆಂಟಿಮೀಟರ್. ಅವುಗಳ ನಡುವೆ ಸಣ್ಣ ಗೆರೆಗಳಿವೆ. ಅವು ಮಿಲಿಮೀಟರ್. 10 ಮಿಲಿಮೀಟರ್ ಸೇರಿದರೆ 1 ಸೆಂಟಿಮೀಟರ್.

ಈಗ ವಾಚಿನ ಎರಡು ಕಿವಿಗಳ ನಡುವಿನ ಜಾಗ ಅಳೆಯಿರಿ. ಒಳಗಿನಿಂದ ಒಳಗೆ ಅಳೆಯಬೇಕು. ಹೆಂಗಸರ ವಾಚಿನಲ್ಲಿ ಹೆಚ್ಚಾಗಿ 12, 14 ಅಥವಾ 16 ಮಿಲಿಮೀಟರ್ ಇರುತ್ತೆ. ಗಂಡಸರ ವಾಚಿನಲ್ಲಿ 18, 20 ಅಥವಾ 22 ಇರುತ್ತೆ. ನಿಮ್ಮ ವಾಚಿಗೆ ಎಷ್ಟು ಬಂತೋ ಅದೇ ಪಿನ್ನಿನ ಅಳತೆ. ಅದೇ ಬೆಲ್ಟಿನ ಅಳತೆಯೂ ಹೌದು. ಈ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಪಿನ್ನಿನ ದಪ್ಪವೂ ಮುಖ್ಯ. ಸಾಮಾನ್ಯವಾಗಿ 1.5 ಮಿಲಿಮೀಟರ್ ದಪ್ಪದ ಪಿನ್ನು ಬಳಕೆಯಲ್ಲಿದೆ. ಭಾರದ ವಾಚಿಗೆ 1.8 ಮಿಲಿಮೀಟರ್ ದಪ್ಪದ್ದು ಸಿಗುತ್ತೆ. ಬೆಲ್ಟಿನ ತೂತಿನಲ್ಲಿ ಹಿಡಿಸಿದರೆ ದಪ್ಪದ್ದೇ ಗಟ್ಟಿ.

ಬೆಲೆಯ ಲೆಕ್ಕ

ಪಿನ್ನಿನ ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ.

ಪಿನ್ನು ಒಂದಕ್ಕೆ 10 ರೂಪಾಯಿ. ಎರಡಕ್ಕೆ 20 ರೂಪಾಯಿ. ಹಾಕಿದ ಕೂಲಿ 20 ರೂಪಾಯಿ. ಒಟ್ಟು 40 ರೂಪಾಯಿ.

ವಾಚಿನ ಬೆಲೆ 1,200 ರೂಪಾಯಿ ಇರಲಿ. ಅದು ನಮ್ಮ ಎರಡು, ಮೂರು ದಿನದ ದುಡಿಮೆ.

1,200ನ್ನು 40ರಿಂದ ಭಾಗಿಸಿ. 30 ಬರುತ್ತೆ. ಅಂದರೆ ಒಂದು ವಾಚು ಕಳೆದುಕೊಂಡ ದುಡ್ಡಿನಲ್ಲಿ 30 ಸಲ ಪಿನ್ನು ಬದಲಾಯಿಸಬಹುದು. ಎರಡು ವರ್ಷಕ್ಕೆ ಒಂದು ಸಲ ಬದಲಾಯಿಸಿದರೆ 60 ವರ್ಷ ಆಯಿತು! ನಾವು ಅಜ್ಜಿಯಾಗಿ, ಮೊಮ್ಮಗಳ ಕೈಗೆ ಆ ವಾಚು ಕಟ್ಟಬಹುದು.

ಇನ್ನೂ ಅಗ್ಗದ ಪಿನ್ನು 5 ರೂಪಾಯಿಗೆ ಸಿಕ್ಕಿತು ಅನ್ನಿ. ಎರಡು ಪಿನ್ನಿಗೆ ಉಳಿದದ್ದು 10 ರೂಪಾಯಿ. ಅದಕ್ಕಾಗಿ 1,200 ರೂಪಾಯಿಯ ವಾಚನ್ನು ಅಪಾಯಕ್ಕೆ ಒಡ್ಡಬೇಕೇ? ನೀವೇ ಹೇಳಿ.

ಹಾಗಂತ ಬೆಲೆ ಜಾಸ್ತಿಯಾದ ಮಾತ್ರಕ್ಕೆ ಪಿನ್ನು ಒಳ್ಳೆಯದು ಅನ್ನುವ ಹಾಗೂ ಇಲ್ಲ. ಹೊಳೆಯುವ ಪೊಟ್ಟಣಕ್ಕೂ ದುಡ್ಡು ಹಾಕ್ತಾರೆ. ಬೆಲೆ ಕೇಳಿ, ಆದರೆ ಪಿನ್ನನ್ನು ಕೈಯಲ್ಲಿ ಹಿಡಿದು ನೋಡಿ.

ಅಂಗಡಿಯಲ್ಲಿ ಹೀಗೆ ಕೇಳಿ

‘ಅಣ್ಣ, ಈ ವಾಚಿಗೆ ಪಿನ್ನು ಹಾಕಬೇಕಿತ್ತು.’

‘ಕೊಡಮ್ಮ, ಯಾವುದಾದರೂ ಹಾಕಿಕೊಡ್ತೀನಿ.’

‘ಯಾವುದಾದರೂ ಬೇಡ ಅಣ್ಣ. ನಾನು ಮನೇಲಿ ಅಳೆದು ಬಂದಿದೀನಿ. 14 ಮಿಲಿಮೀಟರ್ ಇದೆ. ಸ್ಟೀಲಿನದ್ದೇ ಕೊಡಿ.’

‘ಪರವಾಗಿಲ್ವೇ! ಅಳತೆ ಬೇರೆ ಗೊತ್ತಾ ನಿಮಗೆ? ತಗೊಳ್ಳಿ, ಇದು ಸ್ಟೀಲು.’

‘ಎರಡೂ ಕಡೆ ಹೊಸದು ಹಾಕಿ. ಒಂದು ಹೋಗಿದೆ ಅಂದರೆ ಇನ್ನೊಂದೂ ಅಷ್ಟೇ ಹಳೆಯದು.’

‘ಆಯ್ತಮ್ಮ. ನೋಡಿ, ಹಾಕಿದೆ.’

‘ಸ್ವಲ್ಪ ಕೊಡಿ ಅಣ್ಣ, ಎಳೆದು ನೋಡ್ತೀನಿ.’

ಇಷ್ಟೇ ಮಾತು. ಜಗಳ ಬೇಡ, ನಾಚಿಕೆಯೂ ಬೇಡ. ಅಳತೆ ಗೊತ್ತಿರುವವರಿಗೆ ಅಂಗಡಿಯವರೂ ಸರಿಯಾದ ಸಾಮಾನನ್ನೇ ಹುಡುಕಿ ಕೊಡ್ತಾರೆ. ಪಿನ್ನು ಹಾಕಿಸಿದ ಮೇಲೆ ಬೆಲ್ಟನ್ನು ಎರಡು ಕಡೆಯಿಂದಲೂ ಹಿಡಿದು ಎಳೆಯಿರಿ. ಸ್ವಲ್ಪ ತಿರುಚಿ ನೋಡಿ. ಕಳಚುವುದಾದರೆ ಅಲ್ಲೇ ಕಳಚಲಿ.

ಹೊಸ ಪಿನ್ನು ಹಾಕಿದರೂ ಅಲ್ಲಾಡುತ್ತಿದ್ದರೆ ಕಿವಿಯ ತೂತು ಸವೆದಿರಬಹುದು. ಆಗ ದಪ್ಪ ಮೊನೆಯ ಪಿನ್ನು ಇದೆಯಾ ಅಂತ ಕೇಳಿ.

ಹೊಸ ವಾಚು ಕೊಂಡರೆ ಬಿಲ್ಲು ತಗೊಳ್ಳಿ. ವಾರಂಟಿ ಕಾರ್ಡನ್ನು ಓದಿ. ಸಾಮಾನ್ಯವಾಗಿ ವಾರಂಟಿ ವಾಚಿನ ಯಂತ್ರಕ್ಕೆ ಇರುತ್ತೆ. ಬೆಲ್ಟಿಗೆ ಇದೆಯೋ ಇಲ್ಲವೋ ಅಂತ ಕಾರ್ಡಿನಲ್ಲಿ ಬರೆದಿರುತ್ತೆ. ಮೋಸ ಹೋದೆವು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದರ ನಂಬರು 1915.

ಮನೆಯಲ್ಲಿ ಜೋಪಾನ

ಕೆಲಸದಿಂದ ಬಂದ ಮೇಲೆ ವಾಚು ಬಿಚ್ಚಿ ಇಡಿ. ಒಣ ಬಟ್ಟೆಯಿಂದ ಬೆಲ್ಟು, ಪಿನ್ನಿನ ಸಂದಿ ಒರೆಸಿ. ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ವಾಚು ಬೇಡ.

ತಿಂಗಳಿಗೆ ಒಂದು ಸಲ ಬೆಲ್ಟು ಎಳೆದು ನೋಡಿ. ಕರಕರ ಸದ್ದು ಬಂದರೆ, ಕಂದು ಬಣ್ಣದ ಪುಡಿ ಕಂಡರೆ, ಪಿನ್ನು ಬಾಗಿದ್ದರೆ ಕೂಡಲೇ ಬದಲಾಯಿಸಿ.

ಚಾಕು, ಬ್ಲೇಡು ಹಾಕಿ ಪಿನ್ನು ಕೀಳಬೇಡಿ. ಕೈಗೆ ಗಾಯ, ವಾಚಿಗೂ ಗೀರು. ಪಿನ್ನು ಚಿಮ್ಮಿ ಕಣ್ಣಿಗೆ ಬೀಳಬಹುದು. ಚಿಕ್ಕ ಮಕ್ಕಳು ನುಂಗುವ ಭಯವೂ ಇದೆ. ಇದಕ್ಕೆ ಕವಲು ತುದಿಯ ಸಣ್ಣ ಸಲಕರಣೆ ಬೇರೆ ಇದೆ. ರಿಪೇರಿಯವರ ಹತ್ತಿರ ಇರುತ್ತೆ. ಈಗ ಕೆಲವು ಬೆಲ್ಟುಗಳಲ್ಲಿ ಪಿನ್ನಿಗೇ ಚಿಕ್ಕ ಹಿಡಿ ಇರುತ್ತೆ. ಅದನ್ನು ಉಗುರಿನಿಂದ ಸರಿಸಿದರೆ ಪಿನ್ನು ಬಿಡುತ್ತೆ. ಅಂಥದ್ದನ್ನು ಮನೆಯಲ್ಲೇ ಬದಲಾಯಿಸಬಹುದು. ತಟ್ಟೆಯ ಮೇಲೆ ಬಟ್ಟೆ ಹಾಸಿ, ಅದರ ಮೇಲಿಟ್ಟು ಮಾಡಿ. ಪಿನ್ನು ಬಿದ್ದರೂ ಅಲ್ಲೇ ಸಿಗುತ್ತೆ.

ನೆನಪಿಡಿ

ಅಳತೆ ತಿಳಿದು ಕೇಳಿ.
ಸ್ಟೀಲಿನ ಪಿನ್ನನ್ನೇ ಹಾಕಿಸಿ.
ಎರಡನ್ನೂ ಒಟ್ಟಿಗೆ ಬದಲಾಯಿಸಿ.
ಎಳೆದು ನೋಡಿ ಆಮೇಲೆ ದುಡ್ಡು ಕೊಡಿ.

ಹೇಳಿ ನೋಡೋಣ

1. ಚರ್ಮದ ಬೆಲ್ಟಿನ ವಾಚಿನಲ್ಲಿ ಒಟ್ಟು ಎಷ್ಟು ಪಿನ್ನು ಇರುತ್ತೆ?
2. 2 ಸೆಂಟಿಮೀಟರ್ ಅಂದರೆ ಎಷ್ಟು ಮಿಲಿಮೀಟರ್?
3. ನಿಮ್ಮ ಮನೆಯ ವಾಚಿನ ಕಿವಿಗಳ ನಡುವೆ ಎಷ್ಟು ಮಿಲಿಮೀಟರ್ ಇದೆ? ಅಳೆದು ಬರೆಯಿರಿ.
4. ಒಂದು ಪಿನ್ನಿಗೆ 15 ರೂಪಾಯಿ, ಹಾಕಿದ ಕೂಲಿ 20 ರೂಪಾಯಿ. ಎರಡು ಪಿನ್ನು ಹಾಕಿಸಿದರೆ ಒಟ್ಟು ಎಷ್ಟಾಯಿತು?
5. ಪಿನ್ನಿನ ಹಾಗೆಯೇ, ಸಣ್ಣದಾಗಿದ್ದರೂ ದೊಡ್ಡದನ್ನು ಹಿಡಿದಿಡುವ ಸಾಮಾನು ನಿಮ್ಮ ಮನೆಯಲ್ಲಿ ಯಾವ ಯಾವುದಿದೆ? ಮಾತಾಡಿಕೊಳ್ಳಿ.